ಮರ ಮತ್ತು ಋತುಮಾನ: ಮಕ್ಕಳ ಚಿತ್ರಪುಸ್ತಕ ಕಾವ್ಯ

ಮರಗಿಡಗಳನ್ನೂ ಋತುಗಳ ಸರದಿಯನ್ನೂ ವಸ್ತುವಾಗಿಟ್ಟುಕೊಂಡು, ಪದ್ಯ ಹೇಳಿದ್ದನ್ನು ಚಿತ್ರ ಮುಂದುವರಿಸುವಂತೆ, ಚಿತ್ರ ಬಿಟ್ಟದ್ದನ್ನು ಪದ್ಯ ತುಂಬುವಂತೆ ರಚಿಸಿದ ಮಕ್ಕಳ ಪುಸ್ತಕಗಳ ಬಗೆ. ಒಂದೇ ಕವಿತೆಯನ್ನು ಇಡೀ ಪುಸ್ತಕದ ಉದ್ದಕ್ಕೂ ಹರಡಿದವು, ತಿಂಗಳಿಗೊಂದು ಪದ್ಯವಿರುವವು, ಮರಕ್ಕೊಂದು ಪದ್ಯವಿರುವವು, ದೊಡ್ಡವರಿಗೆಂದು ಬರೆದ ಕವಿತೆಗೆ ಮಕ್ಕಳಿಗಾಗಿ ಚಿತ್ರ ಬರೆದವು, ಎಲ್ಲವೂ ಇದರಲ್ಲಿ ಸೇರುತ್ತವೆ. ಪ್ರಾಸ ಕಡ್ಡಾಯವಲ್ಲ. ಓದಿ ಹೇಳುವವರ ದನಿಯಲ್ಲಿ ಲಯ ಹುಟ್ಟಿದರೆ ಸಾಕು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಣ್ಣದ ಮುದ್ರಣ ಕೈಗೆಟುಕುವ ಬೆಲೆಗೆ ಬಂದಾಗ ಯುರೋಪಿನಲ್ಲಿ ಇದು ರೂಪುಗೊಂಡಿತು. ಜಪಾನ್, ಅಮೆರಿಕ, ಭಾರತಗಳಲ್ಲಿ ಬೇರೆ ಬೇರೆ ದಾರಿಗಳಲ್ಲಿ ಬೆಳೆಯಿತು.

ಈ ಬಗೆಯ ಪುಸ್ತಕಕ್ಕೂ ಮುದ್ರಣಾಲಯದ ಲೆಕ್ಕಕ್ಕೂ ಹತ್ತಿರದ ನಂಟಿದೆ. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟಗಳದ್ದು, ಅಂದರೆ 16 ಪುಟಗಳ ಎರಡು ಫಾರಂ. ಶೀರ್ಷಿಕೆಯ ಪುಟ, ಹಕ್ಕಿನ ಪುಟ, ಅರ್ಪಣೆ ಇತ್ಯಾದಿ ಕಳೆದರೆ ಎದುರುಬದುರಾಗಿ ತೆರೆದುಕೊಳ್ಳುವ ಹನ್ನೆರಡರಿಂದ ಹದಿನಾಲ್ಕು ಜೋಡಿಪುಟಗಳು ಕವಿಗೂ ಚಿತ್ರಕಾರರಿಗೂ ಉಳಿಯುತ್ತವೆ. ವರ್ಷದ ಹನ್ನೆರಡು ತಿಂಗಳು ಅದರಲ್ಲಿ ಸಲೀಸಾಗಿ ಕೂರುತ್ತವೆ. ನಾಲ್ಕು ಋತುಗಳಿದ್ದರೆ ತಲಾ ಮೂರು ಜೋಡಿ, ಆರಿದ್ದರೆ ತಲಾ ಎರಡು. ಕಥೆಯ ಪುಸ್ತಕದಲ್ಲಿ ಪುಟ ಮಗುಚಿದರೆ ಮುಂದಿನ ಘಟನೆ ಬರುತ್ತದೆ, ಇಲ್ಲಿ ಬರುವುದು ಮುಂದಿನ ಕಾಲ. ಮರ ನಿಂತಲ್ಲೇ ನಿಂತಿರುವುದರಿಂದ ಅದರ ಸುತ್ತ ಏನೇನು ಬದಲಾಯಿತೆಂಬುದು ಇನ್ನೂ ಅಕ್ಷರ ಬಾರದ ಮಗುವಿಗೂ ಕಾಣುತ್ತದೆ. ಮರ ಮತ್ತು ಋತು ಈ ಪ್ರಕಾರದಲ್ಲಿ ಮತ್ತೆ ಮತ್ತೆ ಜೊತೆಯಾಗಿ ಬರಲು ಮುಖ್ಯ ಕಾರಣ ಇದೇ.

ಯುರೋಪಿನ ಮೊದಲ ಪುಸ್ತಕಗಳು

ಕ್ರಿಸ್ಟಿನಾ ರೊಸೆಟ್ಟಿಯ ‘ಸಿಂಗ್-ಸಾಂಗ್’ (1872) ಶಿಶುಪ್ರಾಸಗಳ ಸಂಗ್ರಹ. ಗಾಳಿ, ಎಲೆ, ತಿಂಗಳುಗಳನ್ನು ಕುರಿತ ಪುಟ್ಟ ಪದ್ಯಗಳಿಗೆ ಆರ್ಥರ್ ಹ್ಯೂಸ್ ಬರೆದ ಚಿತ್ರಗಳು ಕಪ್ಪು ಬಿಳುಪಿನವು. ಬಣ್ಣವನ್ನು ಮಕ್ಕಳ ಪುಸ್ತಕಕ್ಕೆ ತಂದವರಲ್ಲಿ ಲಂಡನ್ನಿನ ಮುದ್ರಕ ಎಡ್ಮಂಡ್ ಇವಾನ್ಸ್ ಮುಂಚೂಣಿಯವನು. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಅಚ್ಚು ಕೆತ್ತಿಸಿ, ಒಂದರ ಮೇಲೊಂದು ಒತ್ತಿ ಆತ ಮುದ್ರಿಸಿದ ಕೇಟ್ ಗ್ರೀನವೇಯ ‘ಅಂಡರ್ ದ ವಿಂಡೋ’ (1879) ತೋಟ, ಬೇಲಿ, ಹೂಬಿಟ್ಟ ಕೊಂಬೆಗಳ ನಡುವೆ ಮಕ್ಕಳನ್ನು ನಿಲ್ಲಿಸಿತು. ಗ್ರೀನವೇ ಪದ್ಯಗಳು ತೆಳು, ಚಿತ್ರಗಳ ಬಲದಿಂದಲೇ ಅವು ಉಳಿದವು.

ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ‘ಎ ಚೈಲ್ಡ್ಸ್ ಗಾರ್ಡನ್ ಆಫ್ ವರ್ಸಸ್’ (1885) ಹೊರಬಂದಾಗ ಅದರಲ್ಲಿ ಚಿತ್ರಗಳಿರಲಿಲ್ಲ. ಚಾರ್ಲ್ಸ್ ರಾಬಿನ್‌ಸನ್ ಮತ್ತು 1905ರಲ್ಲಿ ಜೆಸ್ಸಿ ವಿಲ್‌ಕಾಕ್ಸ್ ಸ್ಮಿತ್ ಚಿತ್ರ ಬರೆದ ಮೇಲೆ ಅದು ಚಿತ್ರಪುಸ್ತಕವಾಗಿ ಎರಡನೆಯ ಬಾಳು ಪಡೆಯಿತು. ಬೇಸಗೆಯಲ್ಲಿ ಹಗಲಿರುವಾಗಲೇ ಮಲಗಬೇಕಲ್ಲ ಎಂದು ಮಗು ದೂರುವ ಪದ್ಯವೊಂದು ಅದರಲ್ಲಿದೆ. ಸ್ಟೀವನ್‌ಸನ್ ಬೆಳೆದ ಎಡಿನ್‌ಬರೋದಲ್ಲಿ ಜೂನ್ ತಿಂಗಳ ಹಗಲು ಹದಿನೇಳು ಗಂಟೆಗೂ ಮೀರಿದ್ದು, ಡಿಸೆಂಬರಿನ ಹಗಲು ಸುಮಾರು ಏಳು ಗಂಟೆಯದು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯ ಆಸುಪಾಸು. ಆ ಮಗುವಿನ ದೂರು ಇಲ್ಲಿನ ಮಗುವಿಗೆ ಅರ್ಥವಾಗಬೇಕಾದರೆ ಮೊದಲು ಭೂಗೋಳದ ಪಾಠವಾಗಬೇಕು. ಋತುವಿನ ಪದ್ಯಕ್ಕೆ ಅಕ್ಷಾಂಶ ಅಂಟಿಕೊಂಡೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಪದ್ಯ, ಚಿತ್ರ, ವರ್ಷಚಕ್ರ ಮೂರೂ ಒಂದೇ ಕೈಯಲ್ಲಿ ಕೂಡಿಬಂದದ್ದು ಜರ್ಮನಿಯಲ್ಲಿ. ಸಿಬಿಲ್ ಫಾನ್ ಓಲ್ಫರ್ಸ್ (1881–1916) ಕ್ರೈಸ್ತ ಸಂನ್ಯಾಸಿನಿ. ಆಕೆ ಪ್ರಾಸಬದ್ಧವಾಗಿ ಬರೆದು ತಾನೇ ಚಿತ್ರಿಸಿದ ‘ಎಟ್‌ವಾಸ್ ಫಾನ್ ಡೆನ್ ವುರ್ಟ್ಸೆಲ್‌ಕಿಂಡರ್ನ್’ 1906ರಲ್ಲಿ ಎಸ್‌ಲಿಂಗನ್ ಊರಿನ ಶ್ರೈಬರ್ ಪ್ರಕಾಶನದಿಂದ ಬಂತು. ಬೇರುಗಳ ನಡುವೆ ಮಣ್ಣಿನೊಳಗೆ ಮಲಗಿರುವ ಪುಟ್ಟ ಮಕ್ಕಳನ್ನು ಭೂಮಿತಾಯಿ ಎಬ್ಬಿಸುತ್ತಾಳೆ. ಅವರು ತಮ್ಮ ಅಂಗಿಗಳನ್ನು ತಾವೇ ಹೊಲಿದುಕೊಳ್ಳುತ್ತಾರೆ, ಹುಳುಹುಪ್ಪಟೆಗಳಿಗೆ ಬಣ್ಣ ಬಳಿಯುತ್ತಾರೆ, ವಸಂತದಲ್ಲಿ ಹೂಗಳನ್ನು ಹಿಡಿದು ಮೆರವಣಿಗೆ ಹೊರಡುತ್ತಾರೆ, ಬೇಸಗೆಯಿಡೀ ಕಾಡು ಹೊಲ ಕೆರೆಗಳಲ್ಲಿ ಆಡಿ ಶರತ್ತಿನ ಗಾಳಿ ಬೀಸಿದಾಗ ಮತ್ತೆ ಮಣ್ಣಿಗಿಳಿಯುತ್ತಾರೆ. ಕೆಲವು ಪುಟಗಳಲ್ಲಿ ಅಂಚಿನ ಅಲಂಕಾರವೇ ನೆಲದ ಅಡಿಯನ್ನೂ ಮೇಲನ್ನೂ ಬೇರ್ಪಡಿಸುತ್ತದೆ. ಎಲೆ ಉದುರುವುದನ್ನು ಸಾವೆಂದು ತೋರಿಸದೆ ಮನೆಗೆ ಮರಳುವುದೆಂದು ತೋರಿಸಿದ್ದು ಈ ಪುಸ್ತಕದ ಜಾಣತನ. ಮುಂದಿನ ಹಲವು ಋತುಪುಸ್ತಕಗಳಲ್ಲಿ ಇದರ ನೆರಳು ಕಾಣುತ್ತದೆ.

ಸ್ವೀಡನ್ನಿನ ಎಲ್ಸಾ ಬೆಸ್ಕೋವ್ (1874–1953) ಇದೇ ಕಾಲದವರು. ‘ಪುಟ್ಟೆಸ್ ಎವೆಂಟಿರ್ ಇ ಬ್ಲೋಬಾರ್ಸ್‌ಸ್ಕೋಗೆನ್’ (1901) ಕಾಡಿನ ಹಣ್ಣು ಹುಡುಕಿ ಹೊರಟ ಹುಡುಗನ ಪದ್ಯಕಥೆ, ‘ಟೊಮ್ಟೆಬೊಬಾರ್ನೆನ್’ (1910) ಕಾಡಿನ ಮರದ ಬುಡದಲ್ಲಿ ಬಾಳುವ ಕುಳ್ಳರ ಮಕ್ಕಳ ಒಂದು ವರ್ಷ. ಅಪಾಯ ಬಂದರೆ ಈ ಮಕ್ಕಳು ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ, ಬಿಳಿ ಚುಕ್ಕೆಯ ಕೆಂಪು ಟೋಪಿಯಿಂದಾಗಿ ನೋಡುವವರಿಗೆ ಅಣಬೆಯಂತೆ ಕಾಣುತ್ತಾರೆ. ಬೆಸ್ಕೋವ್ ಅವರ ಕಾಡಿನಲ್ಲಿ ಹಣ್ಣು ಆರಿಸುವುದು, ಅಣಬೆ ಒಣಗಿಸುವುದು, ಚಳಿಗಾಲಕ್ಕೆ ಕೂಡಿಡುವುದು ಎಲ್ಲ ಕೆಲಸವೇ. ಋತು ಅಲ್ಲಿ ನೋಟಕ್ಕಿಂತ ಹೆಚ್ಚಾಗಿ ದುಡಿಮೆಯ ಪಟ್ಟಿ. ಬೇಸಾಯದ ಮನೆಗಳಲ್ಲಿ ಬೆಳೆದ ಕನ್ನಡ ಓದುಗರಿಗೆ ಓಲ್ಫರ್ಸ್‌ಗಿಂತ ಬೆಸ್ಕೋವ್ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.

ಇಂಗ್ಲೆಂಡಿನ ಸಿಸಿಲಿ ಮೇರಿ ಬಾರ್ಕರ್ (1895–1973) ‘ಫ್ಲವರ್ ಫೇರೀಸ್’ ಮಾಲೆಯನ್ನು 1923ರಲ್ಲಿ ವಸಂತದಿಂದ ಆರಂಭಿಸಿದರು. ಬೇಸಗೆ 1925ರಲ್ಲಿ, ಶರತ್ತು 1926ರಲ್ಲಿ, ಮರಗಳಿಗೇ ಮೀಸಲಾದ ಸಂಪುಟ 1940ರಲ್ಲಿ ಬಂತು. ಚಳಿಗಾಲದ ಸಂಪುಟ ಮಾತ್ರ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಹಳೆಯ ಪುಸ್ತಕಗಳಿಂದ ಆರಿಸಿ ಜೋಡಿಸಿದ್ದು. ಬಾಲ್ಯದಿಂದ ಮೂರ್ಛೆರೋಗವಿದ್ದ ಬಾರ್ಕರ್ ಮನೆಯಲ್ಲೇ ಕಲಿತವರು. ಅವರ ಅಕ್ಕ ನಡೆಸುತ್ತಿದ್ದ ಶಿಶುವಿಹಾರದ ಮಕ್ಕಳೇ ಕಿನ್ನರರ ಮುಖಗಳಿಗೆ ಮಾದರಿ. ರೆಕ್ಕೆಯ ಮಕ್ಕಳು ಕಾಲ್ಪನಿಕ, ಅವರು ಕೂತ ರೆಂಬೆ ಮಾತ್ರ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇಡಬಹುದಾದಷ್ಟು ನಿಖರ. ಎಲೆಯ ಅಂಚು, ಕಾಯಿಯ ತೊಟ್ಟು ತಪ್ಪುವುದಿಲ್ಲ. ಪದ್ಯಗಳಲ್ಲಿ ಬೋಧನೆಯ ಹದ ಕೆಲವೆಡೆ ಹೆಚ್ಚಾಗಿದ್ದರೂ ಮರದ ಹೆಸರು, ಅದು ಹೂಬಿಡುವ ಕಾಲ, ಬೆಳೆಯುವ ಜಾಗಗಳನ್ನು ಪ್ರಾಸದ ಮೂಲಕ ನೆನಪಿನಲ್ಲಿಡಿಸುವ ಕೆಲಸವನ್ನು ಅವು ಮಾಡಿದವು.

ಅಮೆರಿಕದ ದಾರಿ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕಿನ್ನರರು ಮರೆಗೆ ಸರಿದರು. ಜಾನಿಸ್ ಮೇ ಉಡ್ರಿ ಬರೆದು ಮಾರ್ಕ್ ಸಿಮಾಂಟ್ ಚಿತ್ರಿಸಿದ ‘ಎ ಟ್ರೀ ಈಸ್ ನೈಸ್’ (1956) ಎತ್ತರ ಹೆಚ್ಚಿದ್ದು ಅಗಲ ಕಡಿಮೆಯಿರುವ, ಮರದ ಆಕಾರಕ್ಕೇ ಒಪ್ಪುವ ಪುಸ್ತಕ. ಪ್ರಾಸವಿಲ್ಲದ ಚಿಕ್ಕ ಚಿಕ್ಕ ಸಾಲುಗಳಲ್ಲಿ, ನಾಲ್ಕೈದು ವರ್ಷದ ಮಗುವಿನ ಮಾತಿನ ಓಟದಲ್ಲಿ, ಮರದಿಂದ ಏನೇನು ಉಪಯೋಗ ಎಂದು ಹೇಳುತ್ತ ಹೋಗುತ್ತದೆ: ಹತ್ತಬಹುದು, ಉದುರಿದ ಎಲೆಯಲ್ಲಿ ಹೊರಳಾಡಬಹುದು, ಜೋಕಾಲಿ ಕಟ್ಟಬಹುದು. ಬಣ್ಣದ ಜೋಡಿಪುಟವೊಂದು, ಕಪ್ಪು ಬಿಳುಪಿನದೊಂದು ಎಂಬ ಸರದಿ ಆ ಕಾಲದ ಮುದ್ರಣದ ಖರ್ಚು ಉಳಿಸುವ ಉಪಾಯವಾಗಿತ್ತು. ಸಿಮಾಂಟ್ ಅದನ್ನೇ ಲಯವಾಗಿ ಬಳಸಿಕೊಂಡರು. ಪುಸ್ತಕಕ್ಕೆ ಚಿತ್ರಪುಸ್ತಕಗಳಿಗೆಂದು ಕೊಡುವ ಕಾಲ್ಡಿಕಾಟ್ ಪದಕ 1957ರಲ್ಲಿ ಬಂತು. ಶೆಲ್ ಸಿಲ್ವರ್‌ಸ್ಟೀನ್‌ನ ‘ದ ಗಿವಿಂಗ್ ಟ್ರೀ’ಯನ್ನೂ (1964) ಈ ಸಾಲಿನಲ್ಲಿ ಹೆಸರಿಸುವ ರೂಢಿಯಿದೆ. ಅದು ಗದ್ಯ, ಅದರ ವಿಷಯ ಋತುವಲ್ಲ, ಮನುಷ್ಯನ ವಯಸ್ಸು.

ತಿಂಗಳುಗಳ ಪದ್ಯಮಾಲೆಗೆ ಅಮೆರಿಕದಲ್ಲಿ ಎರಡು ಬೇರೆ ಬೇರೆ ಮಾದರಿಗಳಿವೆ. ಮಾರಿಸ್ ಸೆಂಡಾಕ್‌ನ ‘ಚಿಕನ್ ಸೂಪ್ ವಿತ್ ರೈಸ್’ (1962) ತಿಂಗಳಿಗೊಂದು ತಮಾಷೆಯ ಪದ್ಯವಿರುವ ಅಂಗೈಯಗಲದ ಪುಸ್ತಕ. ಕಾದಂಬರಿಕಾರ ಜಾನ್ ಅಪ್‌ಡೈಕ್‌ನ ‘ಎ ಚೈಲ್ಡ್ಸ್ ಕ್ಯಾಲೆಂಡರ್’ (1965) ಇನ್ನಷ್ಟು ಗಂಭೀರ, ನ್ಯೂ ಇಂಗ್ಲೆಂಡಿನ ಹಿಮ, ಕೆಸರು, ಎಲೆಗಳ ವರ್ಷ. ಇದಕ್ಕೆ ಮೊದಲು ನ್ಯಾನ್ಸಿ ಎಕ್‌ಹೋಮ್ ಬರ್ಕರ್ಟ್ ಚಿತ್ರ ಬರೆದಿದ್ದರು, 1999ರಲ್ಲಿ ಟ್ರೈನಾ ಶಾರ್ಟ್ ಹೈಮನ್ ಹೊಸದಾಗಿ ಬರೆದರು. ಹೈಮನ್ ಚಿತ್ರಗಳಲ್ಲಿ ಬಿಳಿಯ ಮತ್ತು ಕಪ್ಪು ಮೂಲಗಳು ಕೂಡಿದ ಒಂದು ಮನೆತನ ಪುಟದಿಂದ ಪುಟಕ್ಕೆ ವರ್ಷ ಕಳೆಯುತ್ತದೆ. ಪದ್ಯಗಳಲ್ಲಿ ಆ ಮನೆತನವಿಲ್ಲ. ಚಿತ್ರಪುಸ್ತಕದಲ್ಲಿ ಕವಿಯಷ್ಟೇ ಚಿತ್ರಕಾರರೂ ಕರ್ತೃ ಎನ್ನಲು ಈ ಎರಡು ಮುದ್ರಣಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ರಾಬರ್ಟ್ ಫ್ರಾಸ್ಟ್‌ನ ಹಿಮದ ಸಂಜೆಯ ಕವಿತೆಯನ್ನು ಸೂಸನ್ ಜೆಫರ್ಸ್ 1978ರಲ್ಲಿ ಚಿತ್ರಪುಸ್ತಕವಾಗಿಸಿದ ಮೇಲೆ ದೊಡ್ಡವರ ಕವಿತೆಗಳನ್ನು ಮಕ್ಕಳಿಗೆ ಚಿತ್ರಿಸುವ ರೂಢಿಯೂ ಬಲಗೊಂಡಿತು.

21ನೆಯ ಶತಮಾನದ ಪುಸ್ತಕಗಳಲ್ಲಿ ಕವಿತೆಗೆ ವಿಜ್ಞಾನದ ಜೊತೆ ಸಿಕ್ಕಿತು. ಡಗ್ಲಸ್ ಫ್ಲೋರಿಯನ್ ನಾಲ್ಕು ಋತುಗಳಿಗೆ ನಾಲ್ಕು ಪುಸ್ತಕ ಬರೆದು (1999–2006), ಆಮೇಲೆ ‘ಪೊಯೆಟ್ರೀಸ್’ (2010) ತಂದರು. ಇದನ್ನು ಅಡ್ಡ ತಿರುಗಿಸಿ, ಗೋಡೆಯ ಕ್ಯಾಲೆಂಡರಿನಂತೆ ಮೇಲಕ್ಕೆತ್ತಿ ಓದಬೇಕು. ಜೋಡಿಪುಟದ ಪೂರ್ತಿ ಎತ್ತರ ಒಂದೇ ಮರಕ್ಕೆ ಸಿಗಲೆಂದು ಈ ಏರ್ಪಾಡು. ಚಿತ್ರಗಳು ಕಂದು ಕಾಗದದ ಚೀಲಗಳ ಮೇಲೆ ಬರೆದಂಥವು, ಆದ್ದರಿಂದ ತೊಗಟೆಯ ಒರಟು ತಾನಾಗಿ ಬಂದಿದೆ. ಆಲ, ಬಾವೋಬಾಬ್, ಸಿಕೋಯಾಗಳೆಲ್ಲ ಇದರಲ್ಲಿವೆ, ಕೊನೆಗೆ ಒಂದೊಂದು ಮರದ ಟಿಪ್ಪಣಿ. ಜಾಯ್ಸ್ ಸಿಡ್‌ಮನ್ ಬರೆದು ಪಮೇಲಾ ಝಗರೆನ್‌ಸ್ಕಿ ಚಿತ್ರಿಸಿದ ‘ರೆಡ್ ಸಿಂಗ್ಸ್ ಫ್ರಮ್ ಟ್ರೀಟಾಪ್ಸ್’ (2009) ಬಣ್ಣಗಳನ್ನೇ ಪಾತ್ರಗಳಾಗಿಸಿ ವರ್ಷ ಸುತ್ತುತ್ತದೆ. ಒಂದೇ ಬಣ್ಣ ವಸಂತದಲ್ಲಿ ಹಕ್ಕಿಯಾದರೆ ಶರತ್ತಿನಲ್ಲಿ ಎಲೆ. ಜೂಲಿ ಫೊಗ್ಲಿಯಾನೊ ಅವರ ‘ವೆನ್ ಗ್ರೀನ್ ಬಿಕಮ್ಸ್ ಟೊಮೇಟೋಸ್’ (2016) ದಿನಚರಿಯಂತೆ ತಾರೀಕು ಹಾಕಿದ ಪದ್ಯಗಳ ಪುಸ್ತಕ. ಮಾರ್ಚ್ 20ಕ್ಕೆ ಹೊರಟು ಮಾರ್ಚ್ 20ಕ್ಕೇ ಬಂದು ಸೇರುತ್ತದೆ.

ಇದೇ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಹೆಚ್ಚು ಸದ್ದು ಮಾಡಿದ್ದು ರಾಬರ್ಟ್ ಮ್ಯಾಕ್‌ಫರ್ಲೇನ್ ಮತ್ತು ಜಾಕಿ ಮೋರಿಸ್ ಅವರ ‘ದ ಲಾಸ್ಟ್ ವರ್ಡ್ಸ್’ (2017). ಆಕ್ಸ್‌ಫರ್ಡ್ ಜೂನಿಯರ್ ಡಿಕ್ಷನರಿಯ 2007ರ ಆವೃತ್ತಿಯಿಂದ ಓಕ್ ಮರದ ಕಾಯಿ, ವಿಲೋ ಮೊದಲಾದ ನಿಸರ್ಗದ ಹೆಸರುಗಳು ಬಿಟ್ಟುಹೋದದ್ದು ಇದರ ಹಿನ್ನೆಲೆ. ಇಪ್ಪತ್ತು ಹೆಸರುಗಳಿಗೆ ಇಪ್ಪತ್ತು ಪದ್ಯ. ಹೆಸರಿನ ಒಂದೊಂದು ಅಕ್ಷರದಿಂದ ಪದ್ಯದ ಒಂದೊಂದು ಭಾಗ ಆರಂಭ. ಪ್ರತಿ ಹೆಸರಿಗೂ ಮೊದಲು ಆ ವಸ್ತು ಇಲ್ಲದ ಖಾಲಿ ಜಾಗದ ಚಿತ್ರ, ನಂತರ ಪದ್ಯ, ನಂತರ ಆ ವಸ್ತು ತುಂಬಿ ನಿಂತ ಜೋಡಿಪುಟ. ಪದ್ಯಗಳನ್ನು ಗಟ್ಟಿಯಾಗಿ ಓದಲೆಂದೇ ಕಟ್ಟಿದ್ದಾರೆ. ಜನರೇ ಚಂದಾ ಎತ್ತಿ ಸ್ಕಾಟ್ಲೆಂಡಿನ ಶಾಲೆಗಳಿಗೆ ಇದನ್ನು ಹಂಚಿದರು.

ನಾಲ್ಕು ಚೌಕದ ಮರ

ಎಳೆಯರ ಪುಸ್ತಕಗಳಲ್ಲಿ, ಶಾಲೆಯ ಗೋಡೆಗಳಲ್ಲಿ ಎಲ್ಲೆಲ್ಲೂ ಕಾಣುವ ಒಂದು ಚಿತ್ರವಿದೆ: ಒಂದೇ ಮರ ನಾಲ್ಕು ಚೌಕಗಳಲ್ಲಿ, ಹೂಬಿಟ್ಟು, ಹಸಿರಾಗಿ, ಕೆಂಪಾಗಿ, ಬೋಳಾಗಿ ಹಿಮ ಹೊತ್ತು ನಿಂತಿರುತ್ತದೆ. ಇದು ಸಮಶೀತೋಷ್ಣ ವಲಯದ ಮರ. ಅಲ್ಲಿ ಹಗಲು ಗಿಡ್ಡವಾಗಿ ಚಳಿ ಹೆಚ್ಚಿದಂತೆ ಎಲೆಯ ಹಸಿರು ಕರಗಿ, ಒಳಗಿದ್ದ ಹಳದಿ ತೋರುತ್ತದೆ, ಕೆಲವು ಜಾತಿಗಳಲ್ಲಿ ಕೆಂಪು ಹೊಸದಾಗಿ ತಯಾರಾಗುತ್ತದೆ. ದಕ್ಷಿಣ ಭಾರತದ ಮರಗಳು ಎಲೆ ಉದುರಿಸುವುದು ಹೆಚ್ಚಾಗಿ ನೀರಿನ ಕೊರತೆಗೆ. ತೇಗ ಬೇಸಗೆಯಲ್ಲಿ ಬೋಳಾಗಿ ನಿಂತು ಮಳೆಗೆ ಕಾಯುತ್ತದೆ. ಮುತ್ತುಗ ಎಲೆಯೆಲ್ಲ ಕಳೆದುಕೊಂಡ ಹೊತ್ತಿನಲ್ಲೇ, ಶಿವರಾತ್ರಿ ಹೋಳಿಗಳ ಆಸುಪಾಸು, ಮೈತುಂಬ ಕಿತ್ತಳೆ ಹೂ ಹೊರುತ್ತದೆ. ಇನ್ನು ಎಲೆಗೆ ಕೆಂಪು ಬರುವುದಂತೂ ನಮ್ಮಲ್ಲಿ ಹೆಚ್ಚಾಗಿ ಮುಪ್ಪಿನ ಗುರುತಲ್ಲ. ಮಾವಿನ ಚಿಗುರು ತಾಮ್ರದ ಬಣ್ಣದ್ದು, ಅರಳಿಯದು ನಸುಗೆಂಪು, ಘಟ್ಟದ ನಾಗಸಂಪಿಗೆಯದು ಕಡುಗೆಂಪು. ಎಳೆ ಎಲೆಯನ್ನು ಬಿಸಿಲಿನಿಂದಲೂ ಹುಳುಗಳಿಂದಲೂ ಕಾಯುವುದೇ ಆ ಬಣ್ಣದ ಕೆಲಸವೆಂದು ಸಸ್ಯಶಾಸ್ತ್ರಜ್ಞರು ವಿವರಿಸುತ್ತಾರೆ. ನಾಲ್ಕು ಚೌಕದ ಚಿತ್ರ ನೋಡಿ ಕೆಂಪೆಲೆ ಎಂದರೆ ಉದುರುವ ಎಲೆ ಎಂದು ಕಲಿತ ಮಗು ಅಂಗಳದ ಮಾವನ್ನು ತಪ್ಪಾಗಿ ಓದೀತು.

ಬೇರೆಡೆಯವರು ಈ ಚೌಕಟ್ಟನ್ನು ಹೇಗೆ ಬಿಡಿಸಿಕೊಂಡರು ಎಂಬುದು ಕುತೂಹಲದ ವಿಷಯ. ಆಸ್ಟ್ರೇಲಿಯದಲ್ಲಿ ಮೇ ಗಿಬ್ಸ್ 1916ರಿಂದ ನೀಲಗಿರಿ ಮರದ ಕಾಯಿಗಳನ್ನು ಶಿಶುಗಳಾಗಿಸಿದರು. ಪೂರ್ವ ಆಫ್ರಿಕದ ನಂದಿ ಸಮುದಾಯದ ಜನಪದ ಮೂಲದಿಂದ ವೆರ್ನಾ ಆರ್ಡೆಮಾ ಕಟ್ಟಿದ ‘ಬ್ರಿಂಗಿಂಗ್ ದ ರೇನ್ ಟು ಕಪಿಟಿ ಪ್ಲೇನ್’ (1981) ಸಾಲಿಗೆ ಸಾಲು ಪೋಣಿಸಿ ಉದ್ದವಾಗುತ್ತ ಹೋಗುವ ಪದ್ಯ, ಬಿಯಾಟ್ರಿಸ್ ವಿಡಾಲ್ ಚಿತ್ರಗಳಿವೆ. ಅದರಲ್ಲಿ ಇರುವುದು ಎರಡೇ ಕಾಲ: ಬರ ಮತ್ತು ಮಳೆ.

ಜಪಾನಿನಲ್ಲಿ ಈ ಸಮಸ್ಯೆಯೇ ಹುಟ್ಟಲಿಲ್ಲ. ಹೈಕುವಿಗೆ ಋತುಸೂಚಕ ಪದ ಇರಬೇಕೆಂಬ ಹಳೆಯ ಕಟ್ಟಳೆಯಿಂದಾಗಿ ಋತುವಿನ ಸೂಕ್ಷ್ಮ ಭೇದಗಳು ಕಾವ್ಯದಲ್ಲಿ ಮೊದಲೇ ಪಟ್ಟಿಯಾಗಿದ್ದವು. 1918ರ ‘ಅಕಾಯ್ ತೊರಿ’ ಪತ್ರಿಕೆ ಮಕ್ಕಳ ಹಾಡುಗಳಿಗೆ ಸಾಹಿತ್ಯದ ಮಾನ ತಂದರೆ, 1922ರಲ್ಲಿ ಆರಂಭವಾದ ‘ಕೊದೊಮೊ ನೊ ಕುನಿ’ ಅವನ್ನು ಬಣ್ಣದ ಚಿತ್ರಗಳೊಡನೆ ಪುಟ ತುಂಬ ಅಚ್ಚಿಸಿತು. ಕಿತಹರ ಹಕುಶು, ನೊಗುಚಿ ಉಜೊ ಅದರ ಕವಿಗಳು, ತಕೆಯಿ ತಕೆಒ ಚಿತ್ರಕಾರ. ಇಪ್ಪತ್ತಾರರ ವಯಸ್ಸಿಗೇ ತೀರಿಕೊಂಡ ಕನೆಕೊ ಮಿಸುಜು (1903–1930) ರಾಶಿಬಿದ್ದ ಹಿಮದ ಮೇಲಿನ ಪದರ, ಕೆಳಗಿನ ಪದರ, ನಡುವಿನ ಪದರ ಮೂರಕ್ಕೂ ಬೇರೆ ಬೇರೆ ಸಂಕಟವಿದೆಯೆಂದು ಕಂಡ ಕವಿ. ಆಕೆಯ ಕೈಬರಹದ ಪುಸ್ತಕಗಳು ಐದು ದಶಕ ಕಣ್ಮರೆಯಾಗಿದ್ದು, 1980ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು.

ಭಾರತ, ಕರ್ನಾಟಕ

ಭಾರತದಲ್ಲಿ ಋತುವರ್ಣನೆಗೆ ಸಾವಿರಾರು ವರ್ಷದ ಚರಿತ್ರೆಯಿದ್ದರೂ ಮಕ್ಕಳ ಕೈಗೆ ಅದು ಚಿತ್ರದೊಡನೆ ಸಿಕ್ಕಿದ್ದು ಬಂಗಾಳದಲ್ಲಿ. ರವೀಂದ್ರನಾಥ ಠಾಕೂರರ ‘ಶಿಶು ಭೋಲಾನಾಥ’ (1922) ಒಂಟಿಕಾಲಲ್ಲಿ ನಿಂತು ಹಾರಬಯಸುವ ತಾಳೆಮರದ ಪದ್ಯವನ್ನು ಕೊಟ್ಟಿತು. 1930ರಲ್ಲಿ ಬಂದ ಅವರ ‘ಸಹಜ ಪಾಠ’ ಓದುಬರಹ ಕಲಿಸುವ ಪುಸ್ತಕ, ಅದಕ್ಕೆ ನಂದಲಾಲ ಬೋಸ್ ಲಿನೊಲಿಯಂ ಕೆತ್ತಿ ಅಚ್ಚು ಮಾಡಿದರು. ಬರಿಯ ಕಪ್ಪು ಬಿಳುಪಿನಲ್ಲಿ ಮರ, ಹೊಳೆ, ಮೋಡಗಳು ಪುಟಕ್ಕೆ ಬಂದವು. ಶಾಂತಿನಿಕೇತನದಲ್ಲಿ 1928ರಲ್ಲಿ ವೃಕ್ಷಾರೋಪಣವನ್ನು ಹಾಡು ನೃತ್ಯಗಳ ಹಬ್ಬವಾಗಿಸಿದ ವಾತಾವರಣದಲ್ಲೇ ಹುಟ್ಟಿದ ಪುಸ್ತಕ ಅದು. ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿದ ‘ದ ನೈಟ್ ಲೈಫ್ ಆಫ್ ಟ್ರೀಸ್’ (2006) ಪದ್ಯವಲ್ಲದಿದ್ದರೂ ಇಲ್ಲಿ ಹೆಸರಿಸಬೇಕಾದ್ದು. ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಬರೆದ ಮರಗಳನ್ನು ಕಪ್ಪು ಕಾಗದದ ಮೇಲೆ ಕೈಯಿಂದ ಸ್ಕ್ರೀನ್ ಪ್ರಿಂಟ್ ಮಾಡಿದ ಈ ಪುಸ್ತಕದಲ್ಲಿ ಮರಕ್ಕೊಂದು ಐತಿಹ್ಯವಿದೆ, ನಾಲ್ಕು ಚೌಕದ ನೆನಪೂ ಇಲ್ಲ.

ಕನ್ನಡದಲ್ಲಿ ಬಾಯಿಪದ್ಯ ಸಮೃದ್ಧ, ಚಿತ್ರಪುಸ್ತಕ ವಿರಳ. ಮಳೆ ತಡವಾದರೆ ಉತ್ತರ ಕರ್ನಾಟಕದ ಮಕ್ಕಳು ರೊಟ್ಟಿ ಹಂಚಿನ ಮೇಲೆ ಗುರ್ಜಿ ಎಂಬ ಮೂರ್ತಿಯನ್ನು ಕೂರಿಸಿ, ತಲೆಯ ಮೇಲೆ ಹೊತ್ತು, ಮನೆಮನೆಯೆದುರು ನೀರು ಸುರಿಸಿಕೊಳ್ಳುತ್ತ ಹಾಡುತ್ತಾರೆ. ಶ್ರಾವಣದ ಪಂಚಮಿಗೆ ಬೇವು ಹುಣಸೆಗಳ ಕೊಂಬೆಗೆ ಜೋಕಾಲಿ ಬಿದ್ದಾಗ ಬೇರೆ ಹಾಡು. ಪಂಜೆ ಮಂಗೇಶರಾಯರು (1874–1937) ಈ ಬಾಯಿಯ ಲಯವನ್ನು ಬರಹಕ್ಕೆ ತಂದರು. ಅವರ ‘ತೆಂಕಣ ಗಾಳಿಯಾಟ’ ಗಾಳಿಯ ಓಟವನ್ನು ನಾದದಲ್ಲೇ ಹಿಡಿಯುತ್ತದೆ, ‘ಹುತ್ತರಿ ಹಾಡು’ ಕೊಡಗಿನ ಸುಗ್ಗಿಯದು. ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ, ಸಿದ್ದಯ್ಯ ಪುರಾಣಿಕರ ಕಾಲಕ್ಕೆ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳೂ ಅಂತ್ಯಪ್ರಾಸವೂ ಮಕ್ಕಳ ಪದ್ಯದ ಸಹಜ ನಡಿಗೆಯಾದವು. ಆದರೆ ಈ ಪದ್ಯಗಳು ಮಕ್ಕಳನ್ನು ಮುಟ್ಟಿದ್ದು ಹೆಚ್ಚಾಗಿ ಪಠ್ಯಪುಸ್ತಕಗಳ ಮೂಲಕ, ಪದ್ಯದ ತಲೆಗೋ ಕಾಲಿಗೋ ಅಂಟಿಸಿದ ಒಂದು ಸಣ್ಣ ರೇಖಾಚಿತ್ರದೊಡನೆ. ಪುಟ ಮಗುಚಿ ಕಾಲ ಸಾಗಿಸುವ ಅವಕಾಶ ಅಲ್ಲಿರಲಿಲ್ಲ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ (1936) ಚಿತ್ರ ಮತ್ತು ಜ್ಞಾನವನ್ನು ಕೂಡಿಸಿದ ದೊಡ್ಡ ಸಾಹಸ, ಅದು ಗದ್ಯದ್ದು.

ಚಿತ್ರಪುಸ್ತಕವಾಗಲು ಕಾದು ಕೂತ ಕನ್ನಡ ಕವಿತೆ ಯಾವುದೆಂದರೆ ದ.ರಾ. ಬೇಂದ್ರೆಯವರ ‘ಯುಗಾದಿ’. ‘ಗರಿ’ (1932) ಸಂಕಲನದ ಈ ಕವಿತೆ ಮಕ್ಕಳಿಗೆಂದು ಬರೆದದ್ದಲ್ಲ, 1963ರ ‘ಕುಲವಧು’ ಚಿತ್ರದಿಂದ ಮನೆಮಾತಾದದ್ದು. ಹೊಂಗೆಯ ಹೂ, ಬೇವಿನ ಹೂ, ಮಾವಿನ ಹೂ ಮೂರೂ ಅದರಲ್ಲಿವೆ. ಇಲ್ಲಿ ವರ್ಷ ಹೊಸದಾಗುವುದು ಹಿಮ ಕರಗಿ ಅಲ್ಲ, ಬಿಸಿಲು ಏರುತ್ತಿರುವಾಗ. ಮರದ ವರ್ಷವನ್ನು ಇಲ್ಲಿಂದ ಆರಂಭಿಸಿದರೆ ಪುಟಗಳ ಹಂಚಿಕೆಯೇ ಬೇರೆಯಾಗುತ್ತದೆ: ಎಲೆ ಉದುರಿ ಕೆಲವೇ ದಿನಕ್ಕೆ ಚಿಗುರು, ಚಿಗುರಿನ ಬೆನ್ನಿಗೇ ಹೂ, ಆಮೇಲೆ ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಹೆಸರು ಬದಲಿಸುವ ಮಳೆ. ಆರು ಋತುಗಳ ಸಂಸ್ಕೃತ ಪಟ್ಟಿಗಿಂತ ರೈತರ ಈ ಮಳೆನಕ್ಷತ್ರಗಳ ಪಟ್ಟಿ ಚಿತ್ರಕಾರರಿಗೆ ಹೆಚ್ಚು ಉಪಯುಕ್ತ. ಪಟ್ಟಣದ ಮಗುವಿಗಾದರೆ ಬೆಂಗಳೂರಿನ ಬೀದಿಮರಗಳಿವೆ. ಜರ್ಮನ್ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ (1865–1956) ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದ್ದರಿಂದ ಆ ಊರಿನ ಬೀದಿಗಳೇ ತಿಂಗಳ ಲೆಕ್ಕ ಇಡುತ್ತವೆ.

ದೆಹಲಿಯಲ್ಲಿ 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚಿಲ್ಡ್ರನ್ಸ್ ಬುಕ್ ಟ್ರಸ್ಟ್, ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಅಗ್ಗದ ಬಣ್ಣದ ಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ತಂದವು. ಹೀಗೆ ಒಂದೇ ಚಿತ್ರಕ್ಕೆ ಹಲವು ಭಾಷೆಯ ಪಠ್ಯ ಕೂರಿಸುವಾಗ ಪದ್ಯಕ್ಕೆ ಎರಡು ತೊಡಕುಗಳು ಎದುರಾಗುತ್ತವೆ. ಮೂಲದ ಪ್ರಾಸಕ್ಕೆ ತಕ್ಕಂತೆ ಚಿತ್ರ ಬರೆದಾಗಿರುತ್ತದೆ. ಕನ್ನಡದ ಪ್ರಾಸ ಬೇರೆ ಹಣ್ಣನ್ನೋ ಹಕ್ಕಿಯನ್ನೋ ಬಯಸಿದರೂ ಅದನ್ನು ಬದಲಿಸುವಂತಿಲ್ಲ. ಇನ್ನೊಂದು ತೊಡಕು ಅಚ್ಚಿನದು. ನಾಲ್ಕು ಬಣ್ಣದ ಮುದ್ರಣದಲ್ಲಿ ಭಾಷೆ ಬದಲಾದಾಗ ಕಪ್ಪು ಬಣ್ಣದ ಪ್ಲೇಟ್ ಒಂದನ್ನೇ ಬದಲಿಸಿದರೆ ಖರ್ಚು ಉಳಿಯುತ್ತದೆ. ಅದಕ್ಕಾಗಿ ಅಕ್ಷರ ಕಪ್ಪಾಗಿಯೇ ಇರಬೇಕು, ಅದರ ಹಿಂದಿನ ಜಾಗ ತಿಳಿಯಾಗಿರಬೇಕು. ಕನ್ನಡಕ್ಕೆ ಒತ್ತಕ್ಷರಗಳಿಂದಾಗಿ ಸಾಲುಗಳ ನಡುವೆ ಹೆಚ್ಚು ಅಂತರವೂ ಬೇಕು. ಆದ್ದರಿಂದ ಕಾರ್ಮೋಡದ ಪುಟ ಬರೆಯುವ ಚಿತ್ರಕಾರರು ಮೋಡದ ನಡುವೆ ಎಲ್ಲಾದರೂ ಪದ್ಯದಗಲದ ಬೆಳಕಿನ ತುಂಡೊಂದನ್ನು ಬಿಡಬೇಕಾಗುತ್ತದೆ. 2015ರಲ್ಲಿ ಪ್ರಥಮ್ ಬುಕ್ಸ್ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿಗೆ ಯಾರು ಬೇಕಾದರೂ ತಮ್ಮ ಭಾಷೆಯ ಪಠ್ಯ ಸೇರಿಸಬಹುದಾದ್ದರಿಂದ, ಕನಿಷ್ಠ ಪರದೆಯ ಮೇಲಾದರೂ ಪ್ಲೇಟಿನ ಈ ಕಟ್ಟುಪಾಡು ಇಲ್ಲ.